ಚಂದ್ರ ತುಂಬಿದರೆ ಸಾಲದು, ಕೂರೋಕೆ ಜಾಗವೂ ಬೇಕು!

ನಂಜನಗೂಡಿನ ಹುಣ್ಣಿಮೆ ವ್ಯಾಪಾರ: ಲೆಕ್ಕಕ್ಕೆ ಸಿಗದವರ ಕಥೆ-ವ್ಯಥೆ

ಹುಣ್ಣಿಮೆಗೆ ಇನ್ನೊಂದು ರಾತ್ರಿ ಬಾಕಿ ಇರುವಾಗಲೇ ನಂಜನಗೂಡಿನ ಶ್ರೀಕಂಠೇಶ್ವರಸ್ವಾಮಿ ದೇವಸ್ಥಾನದ ಆಸುಪಾಸಿನ ಬೀದಿಗಳಲ್ಲಿ ಖಾಲಿ ಗೋಣಿಚೀಲಗಳು ಹಾಸಿಕೊಳ್ಳುತ್ತವೆ. ಚೀಲದ ನಾಲ್ಕು ಮೂಲೆಗೆ ನಾಲ್ಕು ಕಲ್ಲು, ಪಕ್ಕದಲ್ಲೊಂದು ನೀರಿನ ಬಾಟಲಿ, ಅದರಾಚೆ ಗಂಟನ್ನೇ ತಲೆದಿಂಬು ಮಾಡಿಕೊಂಡು ಮುದುಡಿ ಮಲಗಿದ ಒಬ್ಬ ಹೆಂಗಸು. ಯಾಕಮ್ಮ ಇಲ್ಲಿ ಮಲಗಿದ್ದೀಯ ಅಂತ ಕೇಳಿದರೆ ಸಾಲಿನುದ್ದಕ್ಕೂ ಸಿಗೋ ಉತ್ತರ ಒಂದೇ: ‘ಜಾಗ ಹಿಡ್ಕಂಡಿವ್ನಿ ಕನಣ್ಣ, ಬೆಳಗಾನ ಬಂದ್ರೆ ಸಿಕ್ಕಕ್ಕಿಲ್ಲ.’

ನಾಲ್ಕು ಕಲ್ಲು, ಒಂದು ಚೀಲ. ಇಷ್ಟೇ ಆ ಸಂಸಾರದ ಅಂಗಡಿ. ಬೆಳಗಿನ ಜಾವ ನಾಲ್ಕಕ್ಕೆ ಅದರ ಮೇಲೆ ಬಳೆ ಬರಬಹುದು, ಕುಂಕುಮ ಬರಬಹುದು, ಕಡ್ಲೆಪುರಿ ಬರಬಹುದು. ರಾತ್ರಿ ಹತ್ತಕ್ಕೆ ಚೀಲ ಮಡಚಿದರೆ ಮತ್ತೆ ಬಿಚ್ಚೋದು ಮುಂದಿನ ಹುಣ್ಣಿಮೆಗೇ.

ಬೆಂಗಳೂರಿನಂಥ ದೊಡ್ಡ ಊರುಗಳಲ್ಲಿ ಮಾಲ್ ಅನ್ನೋ ಅಂಗಡಿ ಸಂಕೀರ್ಣಗಳಿವೆ. ಜನರನ್ನು ಕರೆತರೋಕೆ ಅವರು ತಿಂಗಳಿಗೊಂದು ನೆಪ ಹುಡುಕುತ್ತಾರೆ. ಈ ತಿಂಗಳು ಹಾಡು-ಕುಣಿತ, ಮುಂದಿನ ತಿಂಗಳು ಮಕ್ಕಳ ಚಿತ್ರ ಸ್ಪರ್ಧೆ, ಅದರ ಮುಂದಿನ ತಿಂಗಳು ಎರಡು ಕೊಂಡರೆ ಒಂದು ಉಚಿತ. ಇದಕ್ಕೆಂದೇ ಸಂಬಳದ ಸಿಬ್ಬಂದಿ, ಇದಕ್ಕೆಂದೇ ಜಾಹೀರಾತು. ನಂಜನಗೂಡಿನಲ್ಲಿ ಈ ಕೆಲಸವನ್ನೆಲ್ಲ ಚಂದ್ರ ಬಿಟ್ಟಿಯಾಗಿ ಮಾಡಿಕೊಡುತ್ತಾನೆ. ಕರಪತ್ರ ಇಲ್ಲ, ಮೈಕಿನ ಕೂಗು ಇಲ್ಲ. ತಿಂಗಳಿಗೊಮ್ಮೆ ಆಕಾಶ ನೋಡಿ ಜನ ಬಸ್ಸು ಹತ್ತುತ್ತಾರೆ. ಕಪಿಲೆಯಲ್ಲಿ ಮುಳುಗು ಹಾಕಿ, ನಂಜುಂಡನ ದರ್ಶನ ಮಾಡಿ, ಬರೋವಾಗ ಮನೆಗೊಂದು ಸಾಮಾನು ಕೊಂಡು ಹೋಗುತ್ತಾರೆ.

ಮಾಲಿನೊಳಗೆ ಅಂಗಡಿ ಇಟ್ಟವನಿಗೆ ಬಾಡಿಗೆ ಕರಾರು ಇರುತ್ತದೆ, ನಂಬರು ಇರುತ್ತದೆ, ಬಾಗಿಲಿಗೆ ಬೀಗ ಇರುತ್ತದೆ. ಹುಣ್ಣಿಮೆ ವ್ಯಾಪಾರಿಗೆ ಇರೋದು ನಾಲ್ಕು ಕಲ್ಲು ಮಾತ್ರ. ಈ ವ್ಯಾಪಾರಿ ಯಾರ ಲೆಕ್ಕದಲ್ಲಿದ್ದಾನೆ? ಯಾವ ಪುಸ್ತಕದಲ್ಲಿ ಅವನ ಹೆಸರಿದೆ? ಇವತ್ತಿನ ಪ್ರಶ್ನೆ ಇದು.

ತಿಂಗಳಿಗೊಂದು ಹೆಸರು

ಹುಣ್ಣಿಮೆ ಅಂದರೆ ಎಲ್ಲವೂ ಒಂದೇ ಅಂದುಕೊಂಡವರು ಬೀದಿಯಲ್ಲಿ ಕೂತವರನ್ನು ಕೇಳಬೇಕು. ಚೈತ್ರದ್ದು ದವನದ ಹುಣ್ಣಿಮೆ, ವೈಶಾಖದ್ದು ಆಗಿ ಹುಣ್ಣಿಮೆ, ಜ್ಯೇಷ್ಠದ್ದು ಕಾರ ಹುಣ್ಣಿಮೆ. ಶ್ರಾವಣಕ್ಕೆ ನೂಲ ಹುಣ್ಣಿಮೆ, ಭಾದ್ರಪದಕ್ಕೆ ಅನಂತನ ಹುಣ್ಣಿಮೆ, ಆಶ್ವಯುಜಕ್ಕೆ ಸೀಗೆ ಹುಣ್ಣಿಮೆ, ಕಾರ್ತಿಕಕ್ಕೆ ಗೌರಿ ಹುಣ್ಣಿಮೆ. ಆಮೇಲೆ ಹೊಸ್ತಿಲ ಹುಣ್ಣಿಮೆ, ಬನದ ಹುಣ್ಣಿಮೆ, ಭಾರತ ಹುಣ್ಣಿಮೆ, ಕೊನೆಗೆ ಕಾಮನ ಹುಣ್ಣಿಮೆ. ಒಂದೊಂದಕ್ಕೂ ಒಂದೊಂದು ಬಗೆಯ ಜನ, ಒಂದೊಂದು ಬಗೆಯ ಗಿರಾಕಿ.

ಸುಗ್ಗಿ ಮುಗಿದ ಮೇಲಿನ ಹುಣ್ಣಿಮೆಗಳಲ್ಲಿ ರೈತನ ಜೇಬಿನಲ್ಲಿ ನಾಲ್ಕು ಕಾಸಿರುತ್ತದೆ. ಪಾತ್ರೆ, ಕಂಬಳಿ, ಮಕ್ಕಳ ಬಟ್ಟೆ ಹೋಗೋದು ಆಗಲೇ. ಕಾರ ಹುಣ್ಣಿಮೆ ಹೊತ್ತಿಗೆ ಕಾಸೆಲ್ಲ ಬಿತ್ತನೆ ಬೀಜ, ಗೊಬ್ಬರಕ್ಕೆ ಸೇರಿರುತ್ತದೆ. ಆಗ ಹತ್ತಿಪ್ಪತ್ತು ರೂಪಾಯಿನ ಉಡುದಾರ, ವಿಭೂತಿ ಗಟ್ಟಿ ಬಿಟ್ಟರೆ ಬೇರೇನೂ ಕದಲೋದಿಲ್ಲ. ಆಷಾಢದಲ್ಲಿ ಮಳೆ, ಹೊಳೆ ಎರಡರ ಭಯ. ಶ್ರಾವಣ, ಕಾರ್ತಿಕದಲ್ಲಿ ಸೋಮವಾರಗಳೂ ಕೂಡಿ ಬೀದಿಗೆ ಕಳೆ ಬರುತ್ತದೆ.

ವರ್ಷಕ್ಕೆ ಇಂಥ ಹುಣ್ಣಿಮೆ ಹನ್ನೆರಡು. ಅಧಿಕ ಮಾಸ ಬಂದ ವರ್ಷ ಹದಿಮೂರು. 2023ರಲ್ಲಿ ಶ್ರಾವಣ ಅಧಿಕವಾಗಿ ಬಂದು ಒಂದು ಹುಣ್ಣಿಮೆ ಜಾಸ್ತಿ ಸಿಕ್ಕಿತ್ತು. ಸರ್ಕಾರಿ ನೌಕರರಿಗೆ ಬೋನಸ್ಸು ಸಿಕ್ಕ ಹಾಗೆ ಬೀದಿ ವ್ಯಾಪಾರಿಗೆ ಅಧಿಕ ಮಾಸ!

ಹೊಳೆಯಿಂದ ಗುಡಿವರೆಗೆ

ಶ್ರೀಕಂಠೇಶ್ವರನ ಗುಡಿ ಇರೋದು ಕಪಿಲೆಯ ಬಲದಂಡೆಯಲ್ಲಿ. ಏಳು ಅಂತಸ್ತಿನ, ಸುಮಾರು 120 ಅಡಿ ಎತ್ತರದ ರಾಜಗೋಪುರವನ್ನು ಮುಮ್ಮಡಿ ಕೃಷ್ಣರಾಜ ಒಡೆಯರ ರಾಣಿ ದೇವರಾಜಮ್ಮಣ್ಣಿಯವರು 1845ರಲ್ಲಿ ಕಟ್ಟಿಸಿದರು. ಮೈಸೂರಿನಿಂದ ನಂಜನಗೂಡಿಗೆ ರೈಲು ಬಂದದ್ದು 1891ರಲ್ಲಿ. ಮುಂದೆ ಚಾಮರಾಜನಗರಕ್ಕೆ ಹಳಿ ಮುಟ್ಟಿದ್ದು 1926ರಲ್ಲಿ. ಅಂದರೆ ಮೂವತ್ತೈದು ವರ್ಷ ಕಾಲ ನಂಜನಗೂಡೇ ಆ ರೈಲಿನ ಕೊನೆ ನಿಲ್ದಾಣ. ಯಾತ್ರಿಕರೂ ಇಲ್ಲೇ ಇಳಿಯಬೇಕು, ಸರಕೂ ಇಲ್ಲೇ ಇಳಿಯಬೇಕು. ಗುಡಿ ಮುಂದಿನ ಬೀದಿಗೆ ಪೇಟೆಯ ಬಣ್ಣ ಬಂದದ್ದಕ್ಕೆ ಶಿವನ ಜೊತೆಗೆ ರೈಲೂ ಒಂದು ಕಾರಣ.

ಹುಣ್ಣಿಮೆ ಬೆಳಗಿನಲ್ಲಿ ಈ ಪೇಟೆ ಶುರುವಾಗೋದು ಸ್ನಾನಘಟ್ಟದಿಂದ. ಮೊದಲು ಸೋಪು, ಸೀಗೆಪುಡಿ, ಟವೆಲ್ಲು ಮಾರೋರು. ಮುಡಿ ಕೊಟ್ಟು ಬಂದ ಬೋಳುತಲೆಗೆ ಹಚ್ಚೋಕೆ ಗಂಧ. ಆಮೇಲೆ ಬಿಲ್ವಪತ್ರೆ, ಹೂವು, ಹಣ್ಣು-ಕಾಯಿ, ಕರ್ಪೂರ. ಗುಡಿ ಹತ್ತಿರ ಬಂದ ಹಾಗೆ ಕುಂಕುಮ-ಅರಿಶಿನದ ರಾಶಿ, ರುದ್ರಾಕ್ಷಿ ಸರ, ದೇವರ ಪಟ. ದರ್ಶನ ಮುಗಿಸಿ ಹೊರಬಂದವರನ್ನು ಹಿಡಿಯೋಕೆ ಬಳೆ, ರಿಬ್ಬನ್ನು, ಪೀಪಿ, ಬಲೂನು, ಪ್ಲಾಸ್ಟಿಕ್ ಬಿಂದಿಗೆ. ಕೊನೆಗೆ ಬಸ್ ಹತ್ತೋರಿಗೆ ಕಡ್ಲೆಪುರಿ, ಖಾರ, ಬೆಂಡು-ಬತ್ತಾಸು.

ಯಾವುದು ಎಲ್ಲಿ ಕೂರಬೇಕು ಅಂತ ಯಾರೂ ನಕ್ಷೆ ಬರೆದುಕೊಟ್ಟಿಲ್ಲ. ಗುಡಿಗೆ ಹೋಗೋವಾಗ ಜನರಿಗೆ ದೇವರ ಧ್ಯಾನ, ಬರೋವಾಗ ಮನೆ ಧ್ಯಾನ. ಹೋಗೋ ದಾರಿಯಲ್ಲಿ ಬಳೆ ಇಟ್ಟರೆ ಬಿಕರಿಯಾಗೋದಿಲ್ಲ, ಬರೋ ದಾರಿಯಲ್ಲಿ ಬಿಲ್ವಪತ್ರೆ ಇಟ್ಟರೆ ಯಾರೂ ತಿರುಗಿ ನೋಡೋದಿಲ್ಲ. ಚೌಕಾಸಿಯೂ ಹಾಗೆಯೇ. ‘ಎಷ್ಟವ್ವಾ ಡಜನ್ನು?’ ‘ಅರವತ್ತು ಕನವ್ವ.’ ‘ನಲವತ್ತಕ್ಕೆ ಕೊಡು.’ ‘ಮೊದ್ಲ ಬೋಣಿ, ಐವತ್ತು ಮಾಡ್ಕೊ, ನಂಜುಂಡ ನಿಂಗೆ ಒಳ್ಳೇದ್ ಮಾಡ್ಲಿ.’ ಗಿರಾಕಿಗೆ ಹತ್ತು ರೂಪಾಯಿ ರಿಯಾಯಿತಿ, ಜೊತೆಗೆ ಒಂದು ಆಶೀರ್ವಾದ. ಎರಡು ಕೊಂಡರೆ ಒಂದು ಉಚಿತ ಅನ್ನೋದಕ್ಕಿಂತ ಇದು ಹಳೆಯ ಪದ್ಧತಿ.

ಊರಿನ ಹೆಸರು ಹೊತ್ತ ಎರಡು ಸಾಮಾನಿನ ಮಾತು ಇಲ್ಲಿ ಬೇಕು. ಒಂದು ನಂಜನಗೂಡು ಹಲ್ಲುಪುಡಿ. ಬಿ.ವಿ. ಪಂಡಿತರು 1913ರಲ್ಲಿ ಸ್ಥಾಪಿಸಿದ ಸದ್ವೈದ್ಯಶಾಲೆಯ ಈ ಪುಡಿ ಊರನ್ನು ಕಾಣದವರ ಮನೆಗೂ ಊರಿನ ಹೆಸರು ಮುಟ್ಟಿಸಿತು. ಇನ್ನೊಂದು ನಂಜನಗೂಡು ರಸಬಾಳೆ. ಭೌಗೋಳಿಕ ಗುರುತಿನ ಮುದ್ರೆ ಪಡೆದ ಹಣ್ಣು. ದೇವರಸನಹಳ್ಳಿ ಕಡೆಯ ಮಣ್ಣಿನಲ್ಲಿ ಘಮ್ಮೆಂದು ಬೆಳೆಯುತ್ತಿದ್ದ ಈ ಬಾಳೆ ಪನಾಮಾ ರೋಗಕ್ಕೆ ಸಿಕ್ಕಿ ತೋಟ ತೋಟವೇ ಕರಗಿತು. ಹೊರಗಿನಿಂದ ಬಂದವರು ಇವತ್ತೂ ರಸಬಾಳೆ ಎಲ್ಲಿ ಅಂತ ಕೇಳುತ್ತಾರೆ. ಅವರ ಕೈಗೆ ಹೆಚ್ಚಾಗಿ ಸಿಗೋದು ಬೇರೆ ಬಾಳೆ. ಹಣ್ಣಿಗೆ ಕಾಗದದ ಗುರುತು ಸಿಕ್ಕಿತು, ಗಿಡ ಹೋಯಿತು. ಬೀದಿಯಲ್ಲಿ ಕೂತ ವ್ಯಾಪಾರಿಯದು ಇದಕ್ಕೆ ತಿರುಗಾಮುರುಗ. ಮನುಷ್ಯ ಕಣ್ಣೆದುರೇ ಇದ್ದಾನೆ, ಕಾಗದದಲ್ಲಿ ಅವನ ಗುರುತಿಲ್ಲ.

ಹೊಳೆ ಹರಿದಂತೆ ವ್ಯಾಪಾರ

ಹನ್ನೆರಡು ದಿನದ ಸಂಪಾದನೆಯಲ್ಲಿ ವರ್ಷ ನಡೆಯುತ್ತದೆಯೇ? ನಡೆಯೋದಿಲ್ಲ. ಅದಕ್ಕೇ ಈ ಜನ ಒಂದು ಕಡೆ ನಿಲ್ಲೋದಿಲ್ಲ. ಹುಣ್ಣಿಮೆಗೆ ನಂಜನಗೂಡು, ಅಮಾವಾಸ್ಯೆಗೆ ಮಲೆ ಮಹದೇಶ್ವರ ಬೆಟ್ಟ, ನಡುವೆ ಊರೂರಿನ ವಾರದ ಸಂತೆ. ವರ್ಷಕ್ಕೊಮ್ಮೆ ಬರೋ ಜಾತ್ರೆಗಳು ಇದರ ಮೇಲಿನ ಲಾಭ.

ಜಾತ್ರೆಗಳಲ್ಲಿ ದೊಡ್ಡದು ನಂಜನಗೂಡಿನದೇ. ಮಾರ್ಚ್-ಏಪ್ರಿಲ್‌ನಲ್ಲಿ ಬರೋ ದೊಡ್ಡ ಜಾತ್ರೆಯಲ್ಲಿ ಗಣಪತಿ, ಶ್ರೀಕಂಠೇಶ್ವರ, ಪಾರ್ವತಿ, ಸುಬ್ರಹ್ಮಣ್ಯ, ಚಂಡಿಕೇಶ್ವರ ಹೀಗೆ ಐದು ತೇರು ಒಂದರ ಹಿಂದೆ ಒಂದು ಸಾಗುತ್ತವೆ. ಅದಕ್ಕೇ ಪಂಚ ಮಹಾರಥೋತ್ಸವ ಅನ್ನೋ ಹೆಸರು. ಹೊಸದಾಗಿ ಮದುವೆಯಾದ ಜೋಡಿಗಳು ಬಂದು ತೇರಿಗೆ ಹಣ್ಣು-ಜವನ ಎಸೆಯುತ್ತಾರೆ. ಚಳಿಗಾಲದಲ್ಲಿ ಚಿಕ್ಕ ಜಾತ್ರೆ ಬೇರೆ.

ಇಲ್ಲಿಂದ ಕಪಿಲೆ ಹರಿದ ಹಾಗೇ ವ್ಯಾಪಾರಿಯೂ ಕೆಳಗಿಳಿಯುತ್ತಾನೆ. ಇದೇ ತಾಲ್ಲೂಕಿನ ಸುತ್ತೂರಿನಲ್ಲಿ ಜನವರಿ-ಫೆಬ್ರವರಿ ಹೊತ್ತಿಗೆ ಜಾತ್ರೆ. ಅಲ್ಲಿ ತೇರಿನ ಜೊತೆಗೆ ಕೃಷಿ ಮೇಳ, ದನಗಳ ಪರಿಷೆ, ಕುಸ್ತಿ, ಸಾಮೂಹಿಕ ಮದುವೆ ಎಲ್ಲ ಉಂಟು. ಸುತ್ತೂರು ದಾಟಿದ ಹೊಳೆ ತಿರುಮಕೂಡಲು ನರಸೀಪುರದಲ್ಲಿ ಕಾವೇರಿಗೆ ಸೇರುತ್ತದೆ. ಕಣ್ಣಿಗೆ ಕಾಣದ ಸ್ಫಟಿಕ ಸರೋವರವೂ ಇಲ್ಲೇ ಕೂಡುತ್ತದೆ ಅನ್ನೋ ನಂಬಿಕೆಯಿಂದ ಇದು ತ್ರಿವೇಣಿ ಸಂಗಮ. ಅಗಸ್ತ್ಯೇಶ್ವರ ಒಂದು ದಡದಲ್ಲಿ, ಗುಂಜಾ ನರಸಿಂಹಸ್ವಾಮಿ ಇನ್ನೊಂದು ದಡದಲ್ಲಿ.

ನರಸೀಪುರದ ದೊಡ್ಡ ದಿನ ಬರೋದು ಮೂರು ವರ್ಷಕ್ಕೊಮ್ಮೆ. 1989ರಲ್ಲಿ ಇಲ್ಲಿ ಕುಂಭಮೇಳ ಶುರುವಾಯಿತು. ಅದು ಬೀಳೋದೂ ಮಾಘದ ಹುಣ್ಣಿಮೆಯ ಸುತ್ತಲೇ. 2019ರಲ್ಲಿ ಫೆಬ್ರವರಿ 17ರಿಂದ 19, 2025ರಲ್ಲಿ ಫೆಬ್ರವರಿ 10ರಿಂದ 12. ಎರಡು ಸಲವೂ ಕೊನೆ ದಿನವೇ ಹುಣ್ಣಿಮೆ. ಹಾಗಾಗಿ ಆ ತಿಂಗಳು ವ್ಯಾಪಾರಿಗೆ ಇಕ್ಕಟ್ಟು. ನಂಜನಗೂಡಿನ ಖಾಯಂ ಜಾಗ ಬಿಡೋದೋ, ಸಂಗಮದ ಮೂರು ದಿನದ ಗುಂಪು ಬಿಡೋದೋ? ಮನೆಯಲ್ಲಿ ಇಬ್ಬರಿದ್ದರೆ ಗಂಡ ಒಂದು ಕಡೆ, ಹೆಂಡತಿ ಒಂದು ಕಡೆ. ಸರಕು ಎರಡು ಪಾಲು, ಸಾಲವೂ ಎರಡು ಪಾಲು.

ಅಲ್ಲಿಂದ ಕಾವೇರಿಯ ಜೊತೆ ಮುಂದೆ ಹೋದರೆ ಅದೇ ತಾಲ್ಲೂಕಿನ ತಲಕಾಡು, ಅದರ ಪಕ್ಕ ಮುಡುಕುತೊರೆ. ಮಲ್ಲಿಕಾರ್ಜುನನ ಬೆಟ್ಟದ ಬುಡದಲ್ಲಿ ಸೇರೋ ದನಗಳ ಜಾತ್ರೆ ಈ ಸೀಮೆಗೆಲ್ಲ ಹೆಸರುವಾಸಿ. ಎತ್ತು ಕೊಳ್ಳೋಕೆ ಬಂದ ರೈತ ಹಗ್ಗ, ಮೂಗುದಾರ, ಗೆಜ್ಜೆ, ಕೊರಳಗಂಟೆ ಕೊಳ್ಳದೆ ಹೋಗೋದಿಲ್ಲ. ಟ್ರ್ಯಾಕ್ಟರ್ ಬಂದು ಹೊಲದಲ್ಲಿ ಎತ್ತು ಕಮ್ಮಿಯಾದ ಮೇಲೆ ಗೆಜ್ಜೆ ಮಾರೋನ ವ್ಯಾಪಾರವೂ ಕಮ್ಮಿ. ಅವನ ಮಗ ಈಗ ಅದೇ ಜಾಗದಲ್ಲಿ ಮೊಬೈಲ್ ಕವರ್ರು ಹರಡಿಕೊಂಡರೆ ಆಶ್ಚರ್ಯವೇನು?

ಕಾಸಿನ ಲೆಕ್ಕ

ಬೀದಿ ವ್ಯಾಪಾರಕ್ಕೆ ಬಂಡವಾಳ ಸಣ್ಣದು, ಬಡ್ಡಿ ಮಾತ್ರ ದೊಡ್ಡದು. ಬೆಳಿಗ್ಗೆ 900 ರೂಪಾಯಿ ಕೈಗೆ, ಸಂಜೆ 1,000 ರೂಪಾಯಿ ವಾಪಸು ಅನ್ನೋ ಕೈಸಾಲದ ಪದ್ಧತಿ ಪೇಟೆಗಳಲ್ಲಿ ಕಂಡದ್ದೇ. ಲೆಕ್ಕ ಹಾಕಿ ನೋಡಿ. ಒಂದೇ ಹಗಲಿಗೆ ನೂರಕ್ಕೆ ಹನ್ನೊಂದು ರೂಪಾಯಿ ಬಡ್ಡಿ! ಬ್ಯಾಂಕಿನವರು ವರ್ಷಕ್ಕೆ ಕೇಳೋದನ್ನು ಇಲ್ಲಿ ಸೂರ್ಯ ಮುಳುಗೋದರೊಳಗೆ ಕಟ್ಟಬೇಕು. ಮಳೆ ಬಂದು ಸರಕು ಮಿಕ್ಕರೆ ಅಸಲೂ ಇಲ್ಲ, ಲಾಭವೂ ಇಲ್ಲ, ಬಡ್ಡಿ ಮಾತ್ರ ನಿಂತಿರುತ್ತದೆ.

ಇದನ್ನು ತಪ್ಪಿಸೋಕೆ ಸರ್ಕಾರಗಳೂ ಒಂದಿಷ್ಟು ಮಾಡಿವೆ. ರಾಜ್ಯದಲ್ಲಿ 2018ರಲ್ಲಿ ಬಂದ ‘ಬಡವರ ಬಂಧು’ ಯೋಜನೆಯಲ್ಲಿ ಸಹಕಾರಿ ಬ್ಯಾಂಕುಗಳ ಮೂಲಕ 2,000ದಿಂದ 10,000 ರೂಪಾಯಿವರೆಗೆ ಬಡ್ಡಿ ಇಲ್ಲದ ಸಾಲ ಅಂತ ಇತ್ತು. 2020ರಲ್ಲಿ ಕೇಂದ್ರದ ‘ಪಿಎಂ ಸ್ವನಿಧಿ’ ಬಂತು. ಮೊದಲ ಕಂತು 10,000, ತೀರಿಸಿದವರಿಗೆ 20,000, ಅದನ್ನೂ ತೀರಿಸಿದವರಿಗೆ 50,000, ಬಡ್ಡಿಯಲ್ಲಿ ಶೇಕಡಾ 7ರಷ್ಟು ಸಹಾಯಧನ. 2025ರಲ್ಲಿ ಮೊದಲ ಕಂತನ್ನು 15,000ಕ್ಕೆ, ಎರಡನೆಯದನ್ನು 25,000ಕ್ಕೆ ಏರಿಸಿದರು. ಒಳ್ಳೆಯದೇ. ಆದರೆ ಅರ್ಜಿಯ ಮೊದಲ ಕಾಲಂ ಏನು ಕೇಳುತ್ತದೆ? ನೀನು ಬೀದಿ ವ್ಯಾಪಾರಿ ಅನ್ನೋದಕ್ಕೆ ಸ್ಥಳೀಯ ಸಂಸ್ಥೆಯ ಚೀಟಿ ಎಲ್ಲಿ? ಗುರುತಿನ ಕಾರ್ಡು ಇಲ್ಲದಿದ್ದರೆ ಶಿಫಾರಸು ಪತ್ರ ತಾ. ಹುಣ್ಣಿಮೆಗೊಂದು ಊರು, ಅಮಾವಾಸ್ಯೆಗೊಂದು ಊರು ಸುತ್ತೋನು ಯಾವ ಊರಿನ ಬಾಗಿಲು ತಟ್ಟಬೇಕು?

ಗಿರಾಕಿಗೇನೂ ಕಮ್ಮಿ ಇಲ್ಲ. 2023ರ ಜೂನ್ 11ರಂದು ‘ಶಕ್ತಿ’ ಯೋಜನೆ ಶುರುವಾಗಿ ಹೆಂಗಸರಿಗೆ ಸರ್ಕಾರಿ ಬಸ್ಸು ಉಚಿತವಾದ ಮೇಲೆ ರಾಜ್ಯದ ಯಾತ್ರಾಸ್ಥಳಗಳಿಗೆಲ್ಲ ಜನ ಹೆಚ್ಚಿದರು. ನಂಜನಗೂಡೂ ಅದಕ್ಕೆ ಹೊರತಲ್ಲ. ಬಸ್ಸಿಗೆ ಕೊಡಬೇಕಿದ್ದ ಕಾಸು ಕೈಯಲ್ಲಿ ಉಳಿದರೆ ಒಂದು ಡಜನ್ ಬಳೆಗೋ, ಮಗುವಿನ ಪೀಪಿಗೋ ಆಗುತ್ತದೆ. ಚಿಲ್ಲರೆ ತಾಪತ್ರಯವೂ ತಗ್ಗಿದೆ. ಕುಂಕುಮದ ರಾಶಿ ಪಕ್ಕದಲ್ಲೇ ಫೋನಿಗೆ ತೋರಿಸೋ ಚೌಕಳಿ ಚೀಟಿ ನಿಂತಿರುತ್ತದೆ, ದುಡ್ಡು ಬಂದ ಕೂಡಲೇ ಡಬ್ಬಿ ಕೂಗಿ ಹೇಳುತ್ತದೆ. ಜನ ಬಂದರು, ಕಾಸೂ ಬಂತು. ಕೂರೋ ಜಾಗ ಮಾತ್ರ ಮೊದಲಿಗಿಂತ ಇಕ್ಕಟ್ಟಾಯಿತು.

ಬೀದಿ ಖಾಲಿಯಾದ ದಿನಗಳು

ಈ ಬೀದಿಯ ಬಾಳು ಎಷ್ಟು ತೆಳುವಾದ ದಾರದ ಮೇಲೆ ನಿಂತಿದೆ ಅಂತ ತೋರಿಸಿದ ವರ್ಷಗಳು ಎರಡು.

2019ರ ಆಗಸ್ಟ್. ಕಬಿನಿ ಜಲಾಶಯದಿಂದ ಬಿಟ್ಟ ನೀರು ಎರಡನೇ ವಾರದಲ್ಲಿ ನಂಜನಗೂಡಿನ ತಗ್ಗು ಬಡಾವಣೆಗಳಿಗೆ ನುಗ್ಗಿತು. ಸ್ನಾನಘಟ್ಟದ ಹದಿನಾರು ಕಾಲು ಮಂಟಪ ಮುಳುಗಿತು, ಮೈಸೂರು ರಸ್ತೆಯಲ್ಲಿ ಸಂಚಾರ ಕಟ್ಟಾಯಿತು. ಆ ವರ್ಷದ ನೂಲ ಹುಣ್ಣಿಮೆ ಇದ್ದದ್ದು ಆಗಸ್ಟ್ 15ಕ್ಕೆ. ಶ್ರಾವಣಕ್ಕೆಂದು ಸಾಲ ಮಾಡಿ ಸರಕು ತಂದವರು ಹೊಳೆಯ ಕೆಂಪು ನೀರು ನೋಡಿಕೊಂಡು ಕೂರಬೇಕಾಯಿತು.

ಮರುವರ್ಷ ಕೊರೊನಾ. 2020ರ ಮಾರ್ಚ್ 25, ಯುಗಾದಿಯ ದಿನವೇ ದೇಶಕ್ಕೆಲ್ಲ ಬೀಗ ಬಿತ್ತು. ಆ ಸಲದ ದೊಡ್ಡ ಜಾತ್ರೆಗೆ ತೇರು ಹೊರಡಲಿಲ್ಲ. ಏಪ್ರಿಲ್ 8ರ ದವನದ ಹುಣ್ಣಿಮೆ ಹೋಯಿತು. ಮೇ 7ರ ಆಗಿ ಹುಣ್ಣಿಮೆ ಹೋಯಿತು. ಜೂನ್ 5ಕ್ಕೆ ಕಾರ ಹುಣ್ಣಿಮೆ. ರಾಜ್ಯದಲ್ಲಿ ದೇವಸ್ಥಾನಗಳ ಬಾಗಿಲು ತೆರೆದದ್ದು ಜೂನ್ 8ಕ್ಕೆ. ಮೂರೇ ಮೂರು ದಿನದಲ್ಲಿ ಅದೂ ಕೈತಪ್ಪಿತು! ತಿಂಗಳ ಸಂಬಳದವನಿಗೆ ಅದು ಮೂರು ದಿನ. ಹುಣ್ಣಿಮೆಯನ್ನೇ ನಂಬಿದವನಿಗೆ ಅದು ಇನ್ನೊಂದು ತಿಂಗಳ ಉಪವಾಸ. 2021ರಲ್ಲಿ ಎರಡನೇ ಅಲೆ ಬಂದಾಗಲೂ ಇದೇ ಪಾಡು. 2022ರಲ್ಲಿ ನರಸೀಪುರದಲ್ಲಿ ಆಗಬೇಕಿದ್ದ ಕುಂಭಮೇಳವೂ ಇದೇ ರೋಗದ ದೆಸೆಯಿಂದ ನಡೆಯಲಿಲ್ಲ. 2019ರ ಮೇಳದಲ್ಲಿ ಅಂಗಡಿ ಹಾಸಿದವನು ಮತ್ತೆ ಸಂಗಮದಲ್ಲಿ ಕೂತದ್ದು ಆರು ವರ್ಷ ಕಳೆದ ಮೇಲೆ.

ಪರಿಹಾರ ಅಂತ ಸರ್ಕಾರ ಕೊಡೋದು ಪಟ್ಟಿಯಲ್ಲಿ ಹೆಸರಿದ್ದವರಿಗೆ. ಪಟ್ಟಿಯಲ್ಲಿ ಇಲ್ಲದವನು ನೆರೆ ಬಂದಾಗ ಸಂತ್ರಸ್ತನೂ ಅಲ್ಲ, ರೋಗ ಬಂದಾಗ ನಷ್ಟ ಹೊಂದಿದವನೂ ಅಲ್ಲ. ಅವನು ಯಾರೂ ಅಲ್ಲ.

ಕಾನೂನು ಏನು ಹೇಳುತ್ತದೆ?

ಬೀದಿ ವ್ಯಾಪಾರಿಗೆ ಕಾನೂನೇ ಇಲ್ಲ ಅಂದುಕೊಂಡವರು ಬಹಳ. ಇದೆ ಸ್ವಾಮೀ. 2014ರಲ್ಲಿ ಸಂಸತ್ತು ಮಾಡಿದ ಬೀದಿ ವ್ಯಾಪಾರಿಗಳ ಜೀವನೋಪಾಯ ಸಂರಕ್ಷಣೆ ಮತ್ತು ನಿಯಂತ್ರಣ ಕಾಯ್ದೆ ಇದೆ. ಅದರ ಪ್ರಕಾರ ಪ್ರತಿ ಪಟ್ಟಣಕ್ಕೂ ಒಂದು ಪಟ್ಟಣ ವ್ಯಾಪಾರ ಸಮಿತಿ ಇರಬೇಕು. ಅದರ ಸದಸ್ಯರಲ್ಲಿ ಶೇಕಡಾ 40ಕ್ಕೆ ಕಮ್ಮಿ ಇಲ್ಲದಂತೆ ಬೀದಿ ವ್ಯಾಪಾರಿಗಳೇ ಚುನಾಯಿಸಿದ ಬೀದಿ ವ್ಯಾಪಾರಿಗಳಿರಬೇಕು, ಅವರಲ್ಲಿ ಮೂರನೇ ಒಂದು ಭಾಗ ಹೆಂಗಸರು. ಕನಿಷ್ಠ ಐದು ವರ್ಷಕ್ಕೊಮ್ಮೆ ಸಮೀಕ್ಷೆ ಆಗಬೇಕು. ಸಮೀಕ್ಷೆ ಮುಗಿದು ಪ್ರಮಾಣ ಪತ್ರ ಕೊಡೋವರೆಗೆ ಇದ್ದವರನ್ನು ಎಬ್ಬಿಸೋ ಹಾಗಿಲ್ಲ. ಜಾಗ ಬದಲಿಸಬೇಕಾದರೆ 30 ದಿನ ಮೊದಲು ನೋಟೀಸು ಕೊಡಬೇಕು. ಸರಕು ಜಪ್ತಿ ಮಾಡಿದರೆ ಪಟ್ಟಿ ಬರೆದುಕೊಡಬೇಕು. ಕೇಳಿ ಬಂದಾಗ ಹಣ್ಣು-ಹೂವಿನಂಥ ಕೊಳೆಯೋ ಸರಕನ್ನು ಅದೇ ದಿನ, ಉಳಿದದ್ದನ್ನು ಎರಡು ಕೆಲಸದ ದಿನದೊಳಗೆ ಬಿಡಬೇಕು.

ಇನ್ನೂ ಒಂದು ಮಾತಿದೆ, ನಂಜನಗೂಡಿಗೆ ಅದು ಮುಖ್ಯ. ಕೊಳ್ಳೋರು-ಮಾರೋರು ವಾಡಿಕೆಯಂತೆ ಕೂಡೋ ತಾಣವನ್ನು ಈ ಕಾಯ್ದೆ ‘ಸ್ವಾಭಾವಿಕ ಮಾರುಕಟ್ಟೆ’ ಅನ್ನುತ್ತದೆ. ಅಂಥ ಕಡೆ 50 ವರ್ಷಕ್ಕಿಂತ ಹೆಚ್ಚು ಕಾಲ ಬೀದಿ ವ್ಯಾಪಾರ ನಡೆದಿದ್ದರೆ ಅದನ್ನು ‘ಪಾರಂಪರಿಕ ಮಾರುಕಟ್ಟೆ’ ಅಂತ ಘೋಷಿಸಬೇಕು, ಅಲ್ಲಿನ ವ್ಯಾಪಾರಿಗಳನ್ನು ಎತ್ತಂಗಡಿ ಮಾಡಕೂಡದು ಅಂತ ಅನುಸೂಚಿಯಲ್ಲೇ ಬರೆದಿದೆ. ಐವತ್ತು ವರ್ಷ! ಶ್ರೀಕಂಠೇಶ್ವರನ ಗುಡಿ ಮುಂದೆ ಹಣ್ಣು-ಕಾಯಿ ಮಾರೋಕೆ ಶುರುವಾಗಿ ಐವತ್ತು ವರ್ಷ ಆಯಿತೋ ಇಲ್ಲವೋ ಅಂತ ಯಾರಾದರೂ ಅನುಮಾನ ಪಡುತ್ತಾರೆಯೇ?

ತೊಡಕು ಇರೋದು ಎಣಿಕೆಯಲ್ಲಿ. ಸಮೀಕ್ಷೆಯವರು ಕಚೇರಿ ದಿನ ನೋಡಿಕೊಂಡು ಬಂದರೆ ಆವತ್ತು ಬೀದಿಯಲ್ಲಿ ಇರೋರು ಯಾರು? ದಿನವೂ ಕೂರೋ ಹೂವಿನವರು, ಹಣ್ಣು-ಕಾಯಿಯವರು, ತಳ್ಳುಗಾಡಿಯವರು. ಅವರ ಹೆಸರು ಬರೆದುಕೊಳ್ಳುತ್ತಾರೆ, ಬರೆದುಕೊಳ್ಳಲೇಬೇಕು. ಹುಣ್ಣಿಮೆ ದಿನ ಸಾಲುಗಟ್ಟಿ ಕೂರೋ ಬಳೆಯವಳು, ಪೀಪಿಯವನು, ಪಾತ್ರೆಯವನು ಆವತ್ತು ಬೇರೊಂದು ಊರಿನ ಸಂತೆಯಲ್ಲಿ ಇರುತ್ತಾರೆ. ಆ ಸಂತೆಯಲ್ಲಿ ಎಣಿಸೋರು ಬಂದರೂ ಇವನು ನಮ್ಮೂರಿನವನಲ್ಲ ಅಂತ ಬಿಟ್ಟುಬಿಡಬಹುದು. ಎರಡೂ ಕಡೆ ಕೂತವನು ಎರಡೂ ಕಡೆ ಇಲ್ಲ.

ಇನ್ನೊಂದು ಸಿಕ್ಕು. 2014ರ ಕಾಯ್ದೆ ನಗರ-ಪಟ್ಟಣಗಳಿಗೆ ಮಾತ್ರ. ನಂಜನಗೂಡಿನ ನಗರಸಭೆ, ನರಸೀಪುರದ ಪುರಸಭೆ ಅದರ ಒಳಗೆ ಬರುತ್ತವೆ. ಸುತ್ತೂರು, ಮುಡುಕುತೊರೆಯಂಥ ಹಳ್ಳಿ ಜಾತ್ರೆಗಳಿಗೆ ಆ ಕೊಡೆಯ ನೆರಳಿಲ್ಲ. ಊರಿನೊಳಗೂ ಜಾಗಕ್ಕೆ ಒಬ್ಬನೇ ಯಜಮಾನನಿಲ್ಲ. ಗುಡಿಯ ಆವರಣ ಮುಜರಾಯಿ ಇಲಾಖೆಯದು, ಬೀದಿ ನಗರಸಭೆಯದು, ಹೆದ್ದಾರಿಯ ಅಂಚು ಮತ್ತೊಬ್ಬರದು, ಹೊಳೆದಂಡೆ ಮಗದೊಬ್ಬರದು. ಇಲ್ಲಿಂದ ಏಳು ಅನ್ನೋಕೆ ಎಲ್ಲರಿಗೂ ಅಧಿಕಾರ. ಇಲ್ಲಿ ಕೂರು ಅನ್ನೋಕೆ ಯಾರಿಗೆ?

ಎರಡು ಕಡೆಯ ಮಾತು

ಇನ್ನೊಂದು ಕಡೆಯವರ ಮಾತೂ ಕೇಳಬೇಕು. ಹುಣ್ಣಿಮೆ ದಿನ ಬೀದಿಯಲ್ಲಿ ಆಂಬುಲೆನ್ಸ್ ಸಾಗೋಕೆ ದಾರಿ ಬೇಡವೇ? ಉರುಳು ಸೇವೆ ಮಾಡೋರು, ಕೈಕೂಸು ಎತ್ತಿಕೊಂಡ ಬಾಣಂತಿ, ಕೋಲೂರಿ ಬರೋ ಮುದುಕರು ನುಸುಳೋದು ಎಲ್ಲಿ? ಸ್ನಾನಘಟ್ಟದಲ್ಲಿ ಬಿಟ್ಟ ಬಟ್ಟೆ, ಪ್ಲಾಸ್ಟಿಕ್ ಕವರ್ರು, ಶಾಂಪೂ ಚೀಟಿ ಎಲ್ಲ ಕಪಿಲೆಯ ಪಾಲು. ರಾಜ್ಯದಲ್ಲಿ ಪ್ಲಾಸ್ಟಿಕ್ ಚೀಲಕ್ಕೆ 2016ರಿಂದಲೂ ನಿಷೇಧ ಇದೆ. ಕುಂಕುಮ ಕಟ್ಟಿಕೊಡೋಕೆ ಕಾಗದ ಸಾಲದೇ? ವರ್ಷವಿಡೀ ಬಾಡಿಗೆ, ತೆರಿಗೆ ಕಟ್ಟಿ ಅಂಗಡಿ ಇಟ್ಟವರು, ಜನ ಬರೋ ದಿನವೇ ನಮ್ಮ ಬಾಗಿಲಿಗೆ ಅಡ್ಡ ಕೂತರೆ ನಾವೇನು ಮಾಡೋಣ ಅಂತ ಕೇಳಿದರೆ ಅದೂ ನ್ಯಾಯವೇ.

ಈ ಎಲ್ಲದಕ್ಕೂ ಮದ್ದು ಲಾಠಿಯಲ್ಲಿಲ್ಲ, ಸುಣ್ಣದ ಗೆರೆಯಲ್ಲಿದೆ. ಇಷ್ಟು ಅಡಿ ನಡೆಯೋರಿಗೆ, ಇಷ್ಟು ಅಡಿ ಕೂರೋರಿಗೆ ಅಂತ ಗೆರೆ ಎಳೆದು ನಂಬರು ಹಾಕಿದರೆ ಹಿಂದಿನ ರಾತ್ರಿಯೇ ಬಂದು ಚೀಲ ಹಾಸಿ ಚಳಿಯಲ್ಲಿ ಮಲಗೋದು ತಪ್ಪುತ್ತದೆ. ನಂಬರು ಇದ್ದವನು ತನ್ನ ಮುಂದಿನ ಕಸ ತಾನೇ ಗುಡಿಸುತ್ತಾನೆ, ಯಾಕೆಂದರೆ ಮುಂದಿನ ತಿಂಗಳೂ ಅದೇ ಜಾಗಕ್ಕೆ ಬರಬೇಕು. ನಾಳೆ ಯಾರು ಕೂರುತ್ತಾರೋ ಗೊತ್ತಿಲ್ಲದ ಜಾಗವನ್ನು ಯಾರು ಗುಡಿಸುತ್ತಾರೆ?

ಆಗಬೇಕಾದ್ದು ಇಷ್ಟೇ. ಸಮೀಕ್ಷೆ ಹುಣ್ಣಿಮೆಯ ದಿನವೇ ನಡೆಯಲಿ. ಒಂದೇ ಹುಣ್ಣಿಮೆ ಸಾಲದು, ಸುಗ್ಗಿ ಕಾಲದ ಒಂದು, ಮಳೆಗಾಲದ ಒಂದು, ಕಾರ್ತಿಕದ ಒಂದು ಹೀಗೆ ಮೂರು ಸಲ ಎಣಿಸಿದರೆ ಖಾಯಂ ಬರೋರು ಯಾರು, ಅಪರೂಪಕ್ಕೆ ಬರೋರು ಯಾರು ಅನ್ನೋದು ತಾನಾಗಿ ತಿಳಿಯುತ್ತದೆ. ಸುತ್ತಾಡಿ ಮಾರೋರೂ ಬೀದಿ ವ್ಯಾಪಾರಿಗಳೇ ಅಂತ ಕಾಯ್ದೆಯೇ ಒಪ್ಪಿರೋವಾಗ ನಂಜನಗೂಡಿನಲ್ಲಿ ಎಣಿಸಿಕೊಂಡವನ ಚೀಟಿಗೆ ನರಸೀಪುರದಲ್ಲೂ ಬೆಲೆ ಸಿಗೋ ಹಾಗೆ ಎರಡು ಸ್ಥಳೀಯ ಸಂಸ್ಥೆಗಳು ಮಾತಾಡಿಕೊಳ್ಳಲಿ. ಎರಡೂ ಊರು ಒಂದೇ ಜಿಲ್ಲೆಯಲ್ಲಿವೆ, ಒಂದೇ ಹೊಳೆಯ ದಂಡೆಯಲ್ಲಿವೆ. ಹಳ್ಳಿ ಜಾತ್ರೆಗಳಿಗೆ ಜಿಲ್ಲಾಡಳಿತ ಒಂದು ನಿಯಮ ಮಾಡಲಿ. ಗುಡಿ ಮುಂದಿನ ಸಾಲನ್ನು ಪಾರಂಪರಿಕ ಮಾರುಕಟ್ಟೆ ಅಂತ ಘೋಷಿಸೋ ವಿಚಾರವನ್ನು ಪಟ್ಟಣ ವ್ಯಾಪಾರ ಸಮಿತಿಯ ಮುಂದೆ ಇಡಲಿ. ಇದಕ್ಕೆ ಕೋಟಿಗಟ್ಟಲೆ ಅನುದಾನ ಬೇಕಿಲ್ಲ. ಒಂದು ಪುಸ್ತಕ, ಒಂದು ಪೆನ್ನು, ಹುಣ್ಣಿಮೆ ದಿನ ಬೀದಿಗಿಳಿಯೋ ನಾಲ್ಕು ಜನ ಸಿಬ್ಬಂದಿ, ಒಂದು ಬುಟ್ಟಿ ಸುಣ್ಣ.

ನರಸೀಪುರದ ಗುಂಜಾ ನರಸಿಂಹನ ಕ್ಷೇತ್ರ ಕಾಶಿಗಿಂತ ಒಂದು ಗುಲಗಂಜಿ ತೂಕ ಹೆಚ್ಚು ಅಂತ ಹಿಂದಿನಿಂದ ಬಂದ ನಂಬಿಕೆ. ಗುಲಗಂಜಿಯ ತೂಕಕ್ಕೂ ಲೆಕ್ಕ ಇಟ್ಟ ನಾಡು ಇದು. ಗುಡಿ ಮುಂದೆ ಚೀಲ ಹಾಸಿದವಳ ಹೆಸರಿಗೂ ಲೆಕ್ಕದ ಪುಸ್ತಕದಲ್ಲಿ ಒಂದು ಗೆರೆ ಸಿಗಬೇಕು. ನಗರಸಭೆ, ಪುರಸಭೆಯ ಮಾನ್ಯರು, ಜಿಲ್ಲೆಯ ಅಧಿಕಾರಿಗಳು ಇತ್ತ ಗಮನ ಹರಿಸಲಿ. ಯಾವ ದಿನ ಬರಬೇಕು ಅಂತ ಸುತ್ತೋಲೆ ಹೊರಡಿಸೋ ತೊಂದರೆ ಬೇಡ. ಕ್ಯಾಲೆಂಡರಿನಲ್ಲಿ ಪ್ರತಿ ತಿಂಗಳೂ ಒಂದು ಗುಂಡನೆ ಗುರುತು ಇದ್ದೇ ಇರುತ್ತದೆ. ಆವತ್ತು ಬೆಳಿಗ್ಗೆ ನಾಲ್ಕಕ್ಕೆ ಬಂದರೆ ಸಾಕು, ಎಲ್ಲರೂ ಅಲ್ಲೇ ಸಿಗುತ್ತಾರೆ.